ಹದಿನಾಲ್ಕು ಲಾರಿ ಹಿಮ

ಇನ್ನರ್‌ಬಾಖ್, ಟಿರೋಲ್
ಬುಧವಾರ, ಫೆಬ್ರವರಿ ೭, ೧೯೯೦

ನನ್ನ ಪ್ರೀತಿಯ ಮುಂಗೋಪಿ ವಿಗಿಲ್‌ಗೆ,

ಮೊದಲು ಖರ್ಚು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀನು ಅದನ್ನೇ ಹುಡುಕುತ್ತ ಪತ್ರದ ಕೊನೆಗೆ ಹಾರುತ್ತೀಯ, ನಡುವಿನದನ್ನು ಓದುವುದೇ ಇಲ್ಲ. ಹೋಗಿಬರುವ ಬಸ್ಸಿಗೆ ತೊಂಬತ್ತಾರು ಷಿಲ್ಲಿಂಗ್. ಪಂದ್ಯದ ಪ್ರವೇಶಕ್ಕೆ ಇನ್ನೂರೈವತ್ತು. ಒಂದು ಲೋಟ ಕಾಫಿಗೆ ಮೂವತ್ತನಾಲ್ಕು, ಒಂದು ಬಟ್ಟಲು ಗೂಲಾಶ್ ಸೂಪಿಗೆ ಅರವತ್ತೆಂಟು, ಶೌಚಕ್ಕೆ ಐದು. ಸ್ಕೀ ಹಲಗೆಗೆ ಹಚ್ಚುವ ಮೇಣಕ್ಕೆ ನಲವತ್ತೈದು, ಮಾರನೆಯ ದಿನ ಮೊಣಕಾಲಿಗೆ ಹಚ್ಚಿದ ಮುಲಾಮಿಗೆ ಅರವತ್ತೆರಡು. ಒಟ್ಟು ಐನೂರ ಅರವತ್ತು. ಹರಿದ ಪ್ಯಾಂಟನ್ನು ಇದರಲ್ಲಿ ಸೇರಿಸಿಲ್ಲ, ಅದು ಮೊದಲೇ ಹರಿಯುವುದರಲ್ಲಿತ್ತು. ಪ್ರವೇಶ ಶುಲ್ಕ ದುಬಾರಿಯಾಯಿತೆಂದು ಹುಬ್ಬು ಗಂಟಿಕ್ಕಬೇಡ. ಆ ದುಡ್ಡಿನಲ್ಲಿ ಇಡೀ ದಿನದ ಲಿಫ್ಟ್ ಟಿಕೆಟ್ಟೂ ಸೇರಿತ್ತು. ಬರೀ ಟಿಕೆಟ್ ಕೊಂಡರೆ ಇನ್ನೂರೆಂಬತ್ತು. ಅಂದರೆ ಪಂದ್ಯಕ್ಕೆ ಸೇರಿದವರಿಗೆ ಸೇರದವರಿಗಿಂತ ಮೂವತ್ತು ಲಾಭ. ಇಂಥ ಲೆಕ್ಕ ಹಾಕುವ ಊರು ಯಾವುದೆಂದು ನಿನಗೀಗ ಹೊಳೆದಿರಬೇಕು. ಹೌದು, ನಾನು ಹೋಖ್‌ಗಾರ್ಟ್‌ಗೆ ಹೋಗಿದ್ದೆ. ಕೂತಲ್ಲೇ ಕೂತಿರು, ಎದ್ದು ನಿಲ್ಲಬೇಡ.

ಸೊಂಟ ಹೇಗಿದೆ? ಹೊಸ ಕೀಲು ಕೂತುಕೊಂಡಿದೆಯಂತೆ, ಆದರೆ ರೋಗಿ ಕೂತುಕೊಳ್ಳುತ್ತಿಲ್ಲವಂತೆ. ಊರುಗೋಲನ್ನು ಮಂಚದ ಕೆಳಗೆ ಬಚ್ಚಿಟ್ಟು ಗೋಡೆ ಹಿಡಿದು ಓಡಾಡುತ್ತೀಯೆಂದು ನರ್ಸ್ ಸೆರಾಫಿನಾ ಫೋನಿನಲ್ಲಿ ದೂರು ಹೇಳಿದಳು. ವ್ಯಾಯಾಮ ಮಾಡಿಸುವ ಹುಡುಗಿಗೆ ನೀನು "ನಿನ್ನಜ್ಜ ಹುಟ್ಟೋಕ್ ಮುಂಚೆ ನಾನು ಬೆಟ್ಟ ಹತ್ತಿದೋನು" ಅಂದೆಯಂತೆ. ಲೆಕ್ಕ ತಪ್ಪು, ವಿಗಿಲ್. ಅವಳಜ್ಜ ನಿನ್ನ ಓರಗೆಯವನೇ ಇರಬೇಕು. ರಾತ್ರಿ ಕಾಲು ಎತ್ತರದಲ್ಲಿಡು. ಆಸ್ಪತ್ರೆಯ ಸಪ್ಪೆ ಕ್ನ್ಯೋಡೆಲ್ ಉಂಡೆಗಳನ್ನು ಬೈಯದೆ ನುಂಗು. ಬೆಕ್ಕು ಚೆನ್ನಾಗಿದೆ, ನಿನ್ನ ಕುರ್ಚಿಯಲ್ಲೇ ಮಲಗುತ್ತದೆ, ನಿನಗಿಂತ ಕಡಿಮೆ ಗೊರಕೆ ಹೊಡೆಯುತ್ತದೆ.

ಈಗ ಸುದ್ದಿ. ನೀನು ಹೊರಟಾಗ ಊರು ಹೇಗಿತ್ತೋ ಜನವರಿ ಮುಗಿಯುವವರೆಗೂ ಹಾಗೇ ಇತ್ತು. ಇಳಿಜಾರೆಲ್ಲ ಕಂದು ಹುಲ್ಲು, ಕಣಿವೆ ತುಂಬ ಮಂಜು, ಆಕಾಶದಿಂದ ಒಂದು ಹಿಡಿ ಹಿಮವೂ ಇಲ್ಲ. ನೀನು ಕೈಯಾರೆ ನೆಟ್ಟ ಒಂಬತ್ತು ಕಂಬಗಳ ಲಿಫ್ಟು ಹುಲ್ಲಿನ ನಡುವೆ ಬಟ್ಟೆ ಒಣಹಾಕುವ ತಂತಿಯ ಹಾಗೆ ನಿಂತಿತ್ತು. ಆಗಲೇ ಪಂಚಾಯಿತಿಯಿಂದ ಕಾಗದ ಬಂತು. ಆಸ್ಪತ್ರೆಯಲ್ಲಿರುವವನಿಗೆ ಅದನ್ನು ತಿಳಿಸಲಿಲ್ಲ, ಈಗ ಹೇಳುತ್ತೇನೆ. ಶಾಲೆಯ ಹನ್ನೊಂದು ಮಕ್ಕಳ ಸ್ಕೀ ವಾರ ಫೆಬ್ರವರಿ ಐದಕ್ಕೆ ನಮ್ಮ ಇಳಿಜಾರಿನಲ್ಲಿ ನಡೆದರೆ ಸರಿ. ನಡೆಯದಿದ್ದರೆ ಮಕ್ಕಳನ್ನು ಬಸ್ಸಿನಲ್ಲಿ ಹೋಖ್‌ಗಾರ್ಟ್‌ಗೆ ಕಳಿಸುತ್ತಾರೆ, ನಮ್ಮ ಲಿಫ್ಟಿನ ವಾರ್ಷಿಕ ತಪಾಸಣೆಗೆ ಕೊಡುವ ದುಡ್ಡು ಈ ವರ್ಷಕ್ಕೇ ನಿಲ್ಲುತ್ತದೆ. ತಪಾಸಣೆಯಿಲ್ಲದ ಲಿಫ್ಟ್ ಓಡುವಂತಿಲ್ಲ, ಓಡದ ಲಿಫ್ಟು ಗುಜರಿ. ಜೊತೆಗೆ ಇನ್ನೊಂದು ಷರತ್ತು: ಯಜಮಾನ ಆಸ್ಪತ್ರೆಯಲ್ಲಿರುವುದರಿಂದ ಪರವಾನಗಿ ಇರುವ ಬೇರೊಬ್ಬರು ಯಂತ್ರದ ಹತ್ತಿರ ನಿಲ್ಲಬೇಕು. ಆ ಎರಡನೆಯದನ್ನು ಪತ್ರದ ಕೊನೆಗಿಡುತ್ತೇನೆ. ಮೊದಲನೆಯದೇ ಸಾಕಷ್ಟು ದೊಡ್ಡ ತಲೆನೋವಾಗಿತ್ತು.

ಮೇಯರ್ ಅಂಗಡಿಯಲ್ಲಿ ಸಿಕ್ಕಿ, "ಬೇಜಾರ್ ಮಾಡ್ಕೋಬೇಡ ಮೇನಾ, ಆ ಕಬ್ಬಿಣಕ್ಕೆ ಈಗ ಒಳ್ಳೆ ರೇಟು ಬರುತ್ತೆ" ಅಂದ. ಸಮಾಧಾನ ಹೇಳುವುದರಲ್ಲಿ ಅವನನ್ನು ಮೀರಿಸುವವರಿಲ್ಲ. "ನಿನ್ನ ಕುರ್ಚೀಗೂ ಬರುತ್ತೆ, ವಿಚಾರಿಸಿ ನೋಡು" ಅಂದು ಬಂದೆ. ಮನೆಗೆ ಬಂದರೆ ಮೇಜಿನ ಮೇಲೆ ಪ್ರತಿ ವರ್ಷ ಬರುವ ಆಮಂತ್ರಣ ಬಿದ್ದಿತ್ತು: ಹೋಖ್‌ಗಾರ್ಟ್‌ನಲ್ಲಿ ಜನವರಿ ಮೂವತ್ತರ ಮಂಗಳವಾರ ಜಿಲ್ಲೆಯ ಹೋಟೆಲು, ಛತ್ರ, ಮದ್ಯದಂಗಡಿ ನಡೆಸುವವರ ಸ್ಕೀ ಪಂದ್ಯ. ಪ್ರತಿ ವರ್ಷ ನೀನು ಅದರಿಂದ ಒಲೆ ಹೊತ್ತಿಸುತ್ತಿದ್ದೆ. ಈ ವರ್ಷ ಒಲೆ ಹೊತ್ತಿಸುವವಳು ನಾನು, ಹಾಗಾಗಿ ಓದಿದೆ. ಅಲ್ಲಿನ ಬಸ್ ನಿಲ್ದಾಣದ ಪಕ್ಕ ಡಿಸೆಂಬರ್‌ನಲ್ಲಿ ಯಾವುದೋ ದೊಡ್ಡ ಪಂದ್ಯಕ್ಕೆಂದು ಹಿಮ ಮಾಡುವ ಫಿರಂಗಿಯಿಂದ ಉಗುಳಿಸಿದ ಹಿಮದ ಗುಡ್ಡ ಇದೆ, ಪಂದ್ಯ ರದ್ದಾಯಿತು, ಗುಡ್ಡ ಉಳಿಯಿತು ಎಂದು ಹಾಲಿನ ವ್ಯಾನಿನವನು ಹೇಳಿದ್ದ. ಪಂದ್ಯದ ದಿನ ಲಿಫ್ಟ್ ಕಂಪನಿಯ ಡೈರೆಕ್ಟರ್ ಹಾಸ್ಲ್ ಅಲ್ಲೇ ಇರುತ್ತಾನೆ. ಕೇಳುವುದಕ್ಕೆ ಕಾಸು ಕೊಡಬೇಕಿಲ್ಲವಲ್ಲ. ಬಸ್ಸಿಗೆ ಮಾತ್ರ ತೊಂಬತ್ತಾರು.

ಬೆಳಿಗ್ಗೆ ಒಂಬತ್ತಕ್ಕೆ ಹಾಸ್ಲ್ ಆಫೀಸಿನಲ್ಲಿದ್ದೆ. ಬಹಳ ಮರ್ಯಾದಸ್ಥ. ಕುರ್ಚಿ ಕೊಟ್ಟ, ನೀರು ಕೊಟ್ಟ, ಹಿಮ ಕೊಡಲಿಲ್ಲ. "ಅಮ್ಮಾವ್ರೇ, ಅರ್ಥ ಮಾಡ್ಕೊಳ್ಳಿ. ಇವತ್ತು ನಿಮಗೆ ಕೊಟ್ರೆ ನಾಳೆ ಏಳು ಹಳ್ಳಿಯೋರು ಬಾಗಿಲಲ್ಲಿ ಬಕೆಟ್ ಹಿಡ್ಕೊಂಡ್ ನಿಲ್ತಾರೆ. ಯಾರ್ಗೆ ಅಂತ ಕೊಡ್ಲಿ?" ಅಂದ. ಸಿಟ್ಟು ಬರಲಿಲ್ಲ, ಯಾಕೆಂದರೆ ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಹದಿನೈದನೆಯ ವಯಸ್ಸಿಗೆ ಪಾತ್ರೆ ತೊಳೆಯಲು ಈ ಕಣಿವೆಗೆ ಬಂದು ಆರು ಕೋಣೆಯ ಛತ್ರ ಕಟ್ಟಿದವಳು ನಾನು. ಪುಕ್ಕಟೆ ಸೂಪ್ ಒಬ್ಬನಿಗೆ ಬಡಿಸಿದರೆ ಏನಾಗುತ್ತದೆಂದು ನನಗೆ ಗೊತ್ತಿಲ್ಲವೇ? ಕೈಕುಲುಕಿ ಹೊರಗೆ ಬಂದೆ. ಟಿಕೆಟ್ಟಂತೂ ಕೊರಳಲ್ಲಿತ್ತು, ಪಂದ್ಯ ಒಂದು ಗಂಟೆಗೆ. ಟಿಕೆಟ್ ಹಾಳುಮಾಡಿದ ಪಾಪ ನನಗೆ ಬೇಡ ಎಂದುಕೊಂಡು ಮೇಲೆ ಹೋದೆ.

ಇಲ್ಲಿ ನಿನ್ನ ಹತ್ತಿರ ನ್ಯಾಯವಾಗಿ ಮಾತಾಡಬೇಕು. ನೀನು ಇಪ್ಪತ್ತು ವರ್ಷದಿಂದ ಆ ಊರನ್ನು ನೋಡದೆಯೇ ಬೈದಿದ್ದೀಯ. ನಾನು ನೋಡಿ ಬೈಯುತ್ತೇನೆ, ನೋಡಿ ಹೊಗಳುತ್ತೇನೆ. ನಾಲ್ಕು ಜನ ಕೂರುವ ಕುರ್ಚಿ, ಮೇಲೊಂದು ಗಾಜಿನ ಮುಸುಕು. ಕೂತವಳು ಮೂಗು ಒರೆಸಿಕೊಳ್ಳುವಷ್ಟರಲ್ಲಿ ಮಂಜಿನಿಂದ ಹೊರಗೆ ಬಂದಿದ್ದೆ. ವಿಗಿಲ್, ಮೇಲೆ ಬಿಸಿಲಿತ್ತು! ನಾವು ಕೆಳಗೆ ಆರು ವಾರ ಬೂದಿ ಬಣ್ಣದ ಗಂಜಿಯಲ್ಲಿ ಕೊಳೆಯುತ್ತಿದ್ದಾಗ ಇವರು ಇಲ್ಲಿ ಬಿಸಿಲನ್ನು ಮಾರುತ್ತಿದ್ದರು. ಮಾರುತ್ತಿದ್ದರು ಅಂದರೆ ನಿಜವಾಗಿಯೂ ಮಾರುತ್ತಿದ್ದರು: ಒರಗು ಕುರ್ಚಿಯಲ್ಲಿ ಮಲಗಲು ಗಂಟೆಗೆ ಇಪ್ಪತ್ತು ಷಿಲ್ಲಿಂಗ್. ನಾನು ಪಕ್ಕದ ಕಟ್ಟೆಯ ಮೇಲೆ ಕೂತೆ. ಅದೇ ಬಿಸಿಲು, ಬೆನ್ನಿಗೆ ಸ್ವಲ್ಪ ಗಟ್ಟಿ.

ಇಳಿಜಾರು ಇಸ್ತ್ರಿ ಹಾಕಿದ ಮೇಜುಬಟ್ಟೆಯ ಹಾಗಿದೆ. ಒಂದು ಕಲ್ಲಿಲ್ಲ, ಒಂದು ಬೇರಿಲ್ಲ. ನಮ್ಮಲ್ಲಿ ಸ್ಕೀ ಕಲಿತವರಿಗೆ ಅಲ್ಲಿ ಏನೋ ಮರೆತುಬಂದ ಹಾಗೆ ಅನ್ನಿಸುತ್ತದೆ. ಆದರೆ ಜನ! ಲಿಫ್ಟಿನ ಸಾಲಿನಲ್ಲಿ ಒಬ್ಬ ಡಚ್ಚಿನವನು ನನ್ನ ಸ್ಕೀ ಮೇಲೆ ಹತ್ತಿ ನಿಂತು ನನಗೇ "ಸ್ವಲ್ಪ ಮುಂದೆ ಹೋಗಿ" ಅಂದ. "ಹೋಗ್ತೀನಪ್ಪ, ನೀನು ನನ್ನ ಕಾಲಿನಿಂದ ಇಳಿದ್ರೆ" ಅಂದೆ. ಹಾಡೋ, ಮರ ಕುಯ್ಯುವ ಯಂತ್ರವೋ ಗೊತ್ತಾಗದ ಗದ್ದಲ ಕಂಬಕ್ಕೊಂದರಂತೆ ಕಟ್ಟಿದ ಪೆಟ್ಟಿಗೆಗಳಿಂದ. ಶೌಚಾಲಯ ನೆಲಮಾಳಿಗೆಯಲ್ಲಿದೆ. ಕಬ್ಬಿಣದಂಥ ಬೂಟು ಹಾಕಿಕೊಂಡು ಮೆಟ್ಟಿಲಿಳಿಯುವಾಗ ನಿನ್ನನ್ನು ನೆನೆದೆ, ನಿನ್ನ ಹೊಸ ಕೀಲಿಗೆ ಆ ಊರು ಆಗುವುದಿಲ್ಲ. ಸೂಪು ನೀರು. ಅರವತ್ತೆಂಟು ಷಿಲ್ಲಿಂಗಿನ ಬಟ್ಟಲಲ್ಲಿ ಮಾಂಸದ ತುಂಡನ್ನು ಹುಡುಕಲು ಪೊಲೀಸರನ್ನು ಕರೆಯಬೇಕು. ಆದರೂ ಒಂದು ಮಾತು ಬರೆಯದಿದ್ದರೆ ಲೆಕ್ಕ ಸುಳ್ಳಾಗುತ್ತದೆ. ಆ ನೀರು ಸೂಪನ್ನು ಒಬ್ಬ ಹುಡುಗಿ ನನ್ನ ಮುಂದೆ ತಂದಿಟ್ಟು "ನಿಧಾನಕ್ಕೆ ಊಟ ಮಾಡಿ" ಅಂದಳು. ಬಟ್ಟಲನ್ನು ಅವಳೇ ಎತ್ತಿಕೊಂಡು ಹೋದಳು. ಇಷ್ಟು ವರ್ಷಗಳಲ್ಲಿ ನನ್ನ ಎಂಜಲು ಬಟ್ಟಲನ್ನು ಬೇರೊಬ್ಬರು ಎತ್ತಿದ್ದು ಅದೇ ಮೊದಲು. ಎದ್ದು ಸಹಾಯ ಮಾಡಲು ಹೋದೆ, "ಕೂತ್ಕೊಳ್ಳಿ ಅಮ್ಮಾ" ಅಂದಳು. ಕೂತುಕೊಂಡೆ. ಮೂವತ್ತು ಷಿಲ್ಲಿಂಗ್ ಸೂಪಿಗಾಯಿತು, ಮೂವತ್ತೆಂಟು ಅದಕ್ಕಾಯಿತು ಎಂದುಕೊಂಡೆ.

ಹಾಗೆ ಕೂತಾಗಲೇ ಬುದ್ಧಿ ಓಡಿತು. ದಾನ ಅಂದರೆ ಏಳು ಹಳ್ಳಿಯವರು ಬರುತ್ತಾರೆ. ಬಹುಮಾನ ಅಂದರೆ ಗೆದ್ದವರೊಬ್ಬರೇ ಬರುತ್ತಾರೆ. ಹಾಸ್ಲ್‌ಗೆ ಕೊಡಲು ಮನಸ್ಸಿಲ್ಲ ಎಂದಲ್ಲ, ಕೊಡಲು ನೆಪವಿಲ್ಲ. ನೆಪ ನನ್ನ ಕೊರಳಲ್ಲೇ ನೇತಾಡುತ್ತಿತ್ತು, ನಲವತ್ತೆಂಟನೆಯ ನಂಬರಿನ ಬಟ್ಟೆಯಲ್ಲಿ.

ಈ ಪಂದ್ಯದ ಪದ್ಧತಿ ನಿನಗೆ ಗೊತ್ತೇ ಇದೆ. ಎಲ್ಲರಿಗಿಂತ ಬೇಗ ಇಳಿದವನಿಗೆ ಒಂದು ತಗಡಿನ ಲೋಟ. ನಿಜವಾದ ಬಹುಮಾನ ಎಲ್ಲರ ಸಮಯ ಕೂಡಿಸಿ ಭಾಗಿಸಿದ ಸರಾಸರಿಗೆ ಯಾರು ಹತ್ತಿರವೋ ಅವರಿಗೆ. ಇಲ್ಲದಿದ್ದರೆ ಎಪ್ಪತ್ತು ವರ್ಷದ ಹೊಟ್ಟೆ ಬಿಟ್ಟ ಹೋಟೆಲಿನವರು ಯಾಕೆ ದುಡ್ಡು ಕಟ್ಟಿ ಬರುತ್ತಾರೆ? ನಡುವೆ ಬೇಕೆಂದೇ ನಿಲ್ಲುವ ಹಾಗಿಲ್ಲ, ದಾರಿಯಲ್ಲಿ ನೆಟ್ಟ ಗುರುತಿನ ಕಂಬ ತಪ್ಪಿಸುವ ಹಾಗಿಲ್ಲ, ತಪ್ಪಿಸಿದವರ ಸಮಯ ಲೆಕ್ಕಕ್ಕಿಲ್ಲ. ಈ ಸಲದ ಬಹುಮಾನ ಕಿಲಿಯನ್ ಸ್ಟಾಡ್ಲರ್‌ನ ನಾಲ್ಕು ನಕ್ಷತ್ರದ ಹೋಟೆಲಿನಲ್ಲಿ ರಜೆಯ ವಾರ ಇಬ್ಬರಿಗೆ ಕೋಣೆ, ಎರಡು ಹೊತ್ತಿನ ಊಟ.

ಸ್ಟಾಡ್ಲರ್ ಇನ್ನೂ ಹಾಗೇ ಇದ್ದಾನೆ. ಅದೇ ತಿರುವಿದ ಮೀಸೆ, ಅದಕ್ಕಿಂತ ತಿರುವಿದ ಮಾತು. ಕಳೆದ ವರ್ಷದ ಅತಿ ವೇಗದವನೆಂಬ ಗೌರವಕ್ಕೆ ಅವನು ಕೊನೆಯವನಾಗಿ ಇಳಿಯುತ್ತಾನೆ, ತಡವಾಗಿ ಹೆಸರು ಕೊಟ್ಟ ನಾನು ಅವನಿಗಿಂತ ಒಂದು ಮುಂಚೆ. ಮೇಲೆ ಸಾಲಿನಲ್ಲಿ ನನ್ನ ಸ್ಕೀ ನೋಡಿ, "ಏನ್ ಮೇನಾ, ಮ್ಯೂಸಿಯಮ್ಮಿಂದ ಕದ್ದು ತಂದ್ಯಾ?" ಅಂದ. "ಅಲ್ಲೇ ಬಿಟ್ರೆ ನಿನ್ನ ಪಕ್ಕದಲ್ಲಿಡ್ತಾರಂತೆ, ಪಾಪ ಅಂತ ತಂದೆ" ಅಂದೆ. "ವಿಗಿಲ್ ಎಲ್ಲಿ? ಆ ಒಂಬತ್ತು ಕಂಬ ಬೀಳದ ಹಾಗೆ ಹಿಡ್ಕೊಂಡ್ ನಿಂತಿದ್ದಾನಾ?" ಅಂದ.  ನಾನು ಆಗಲೇ ಲೆಕ್ಕ ಹಾಕತೊಡಗಿದ್ದೆ.

ಕೆಳಗಿನಿಂದ ಮೈಕಿನಲ್ಲಿ ಒಬ್ಬೊಬ್ಬರ ಸಮಯವನ್ನೂ ಕೂಗುತ್ತಿದ್ದರು. ಎಪ್ಪತ್ತು ಸೆಕೆಂಡೆಂದು ಮನಸ್ಸಿನಲ್ಲಿ ಗೆರೆ ಎಳೆದುಕೊಂಡು, ಮೇಲೆ ಎಷ್ಟು ಕೆಳಗೆ ಎಷ್ಟು ಎಂದು ಕೂಡುತ್ತ ಕಳೆಯುತ್ತ ಹೋದೆ, ಶನಿವಾರ ಸಂಜೆ ಇಸ್ಪೀಟು ಮೇಜಿನವರ ಬಿಯರ್ ಲೆಕ್ಕ ಇಡುವ ಹಾಗೆ. ನನ್ನ ಸರದಿ ಬಂದಾಗ ಸರಾಸರಿ ಒಂದು ನಿಮಿಷ ಹನ್ನೆರಡು ಸೆಕೆಂಡಿಗೆ ನಿಂತಿತ್ತು. ಸ್ಟಾಡ್ಲರ್ ಹೇಗಿದ್ದರೂ ಒಂದು ನಿಮಿಷದ ಒಳಗೆ ಇಳಿಯುತ್ತಾನೆ, ಅದರಿಂದ ಕೂದಲೆಳೆಯಷ್ಟೂ ವ್ಯತ್ಯಾಸವಾಗದು. ಹನ್ನೆರಡರಲ್ಲಿ ಕೆಳಗಿರಬೇಕು, ಅಷ್ಟೇ.

ಹೊರಟೆ. ಸೆಕೆಂಡು ಎಣಿಸುತ್ತ, ಸ್ಕೀ ತುದಿ ಕೂಡಿಸಿ ಹಿಂದೆ ಅಗಲಿಸಿ ಮಕ್ಕಳ ಹಾಗೆ ನಿಧಾನವಾಗಿ ಉಜ್ಜುತ್ತ ಇಳಿದೆ. ಆ ಇಳಿಜಾರು ಎಷ್ಟು ನುಣುಪೆಂದರೆ ತಡೆಯುವುದೇ ಕೆಲಸ. ಪಕ್ಕದಲ್ಲಿ ಯಾರೋ "ಅಜ್ಜೀ, ಟೀ ತಣ್ಣಗಾಗುತ್ತೆ!" ಎಂದು ಕೂಗಿದರು. ನಲವತ್ತೊಂದು, ನಲವತ್ತೆರಡು. ಎಲ್ಲ ಸರಿಯಾಗಿತ್ತು. ಅಷ್ಟರಲ್ಲಿ ಬಲಗಡೆ ಬೇಲಿಯ ಹತ್ತಿರದಿಂದ ಒಂದು ಕೂಗು: "ಅಮ್ಮಾ! ಮೊಣಕಾಲು ಬಗ್ಸು! ಬಗ್ಸಮ್ಮಾ!"

ಅಗಾಥಾ. ಕಂಪನಿಯ ಕೆಂಪು ಕೋಟು ಹಾಕಿಕೊಂಡು ನಿಂತಿದ್ದಳು ನಿನ್ನ ಮಗಳು. ಹೆಸರು ಕಂಡು ಪತ್ರ ಮಡಚಬೇಡ. ಅವಳು ಆ ಕೋಟು ತೊಟ್ಟ ದಿನ ನೀನು "ನಮ್ಮ ಹಗ್ಗ ಬಿಟ್ಟು ಅವರ ಹಗ್ಗ ಹಿಡಿದೋಳು ನನಗೆ ಮಗಳಲ್ಲ" ಅಂದೆ. ಎರಡು ಚಳಿಗಾಲ ಕಳೆದವು, ನೀವಿಬ್ಬರೂ ಒಂದು ಮಾತಾಡಿಲ್ಲ. ನಾನು ಆ ಇಸ್ತ್ರಿ ಹಾಕಿದ ಮೇಜುಬಟ್ಟೆ ಎಂದೆನಲ್ಲ, ಇಸ್ತ್ರಿ ಹಾಕಿದವಳು ಅವಳೇ. ಅಲ್ಲಿ ಹಿಮ ಹಾಸುವ ಯಂತ್ರ ಓಡಿಸುವವರಲ್ಲಿ ಅವಳೊಬ್ಬಳೇ ಹೆಂಗಸು. ಪಂದ್ಯದ ಇಳಿಜಾರನ್ನು ಅವಳ ಕೈಗೇ ಕೊಡುತ್ತಾರಂತೆ. ನಾನು ಬರುವುದನ್ನು ಅವಳಿಗೆ ಹೇಳಿರಲಿಲ್ಲ, ಹೆಸರಿನ ಪಟ್ಟಿ ನೋಡಿ ಓಡಿಬಂದಿದ್ದಳು. ಅವಳನ್ನು ಕಂಡದ್ದೇ ನನ್ನ ಎಣಿಕೆ ಹಾರಿಹೋಯಿತು. ಐವತ್ತೋ ಐವತ್ತೈದೋ? ಮೊಣಕಾಲು ಬಗ್ಗಿಸಿದೆ, ಬಗ್ಗಿಸಿದ್ದು ಹೆಚ್ಚಾಗಿ ಕೂತೇಬಿಟ್ಟೆ, ಪ್ಯಾಂಟು ಹರಿಯಿತು, ಹೇಗೋ ಎದ್ದು ಗೆರೆ ದಾಟಿದೆ. ಮೈಕಿನಲ್ಲಿ ಕೂಗಿದರು: ಒಂದು ನಿಮಿಷ ಹದಿನಾಲ್ಕು.

ಎರಡು ಸೆಕೆಂಡು ತಡ.  ಎರಡು ಸೆಕೆಂಡಿಗೆ ನಿನ್ನ ಒಂಬತ್ತು ಕಂಬ ಗುಜರಿಗೆ ಹೋದವು ಎಂದುಕೊಂಡೆ. ಅಗಾಥಾ ಬಂದು ನನ್ನ ಪ್ಯಾಂಟಿನ ಹಿಮ ಕೊಡವುತ್ತ, "ಯಾಕಮ್ಮಾ ಮುಖ ಹೀಗಿದೆ? ಬರೀ ಹೋಟ್ಲೂಟ ತಾನೇ?" ಅಂದಳು. ಅವಳಿಗೆ ವಿಷಯ ಹೇಳಿದೆ.  ಅಷ್ಟರಲ್ಲಿ ಜನ ಮೇಲೆ ನೋಡಿ ಹೋ ಎಂದರು.

ಸ್ಟಾಡ್ಲರ್ ಬಿದ್ದಿದ್ದ. ಮೇಲಿಂದ ಮೂರನೆಯ ಕಂಬದ ಹತ್ತಿರ, ಮಕಾಡೆ, ಸ್ಕೀ ಒಂದು ಕಡೆ ಟೋಪಿ ಒಂದು ಕಡೆ. ಬೇರೆ ಯಾರೇ ಆಗಿದ್ದರೂ ಕೈ ಬೀಸಿ ಪಕ್ಕಕ್ಕೆ ಸರಿದು ಬಾರಿಗೆ ಹೋಗುತ್ತಿದ್ದರು. ಆಗ ಅವನ ಸಮಯ ಲೆಕ್ಕಕ್ಕೇ ಬರುತ್ತಿರಲಿಲ್ಲ, ಈ ಪತ್ರವೂ ನಿನಗೆ ಬರುತ್ತಿರಲಿಲ್ಲ. ಆದರೆ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಇಡೀ ಜಿಲ್ಲೆಯ ಹೋಟೆಲಿನವರ ಎದುರು ಕಂಬ ತಪ್ಪಿಸಿದವನೆಂದು ಅನ್ನಿಸಿಕೊಳ್ಳುವುದುಂಟೇ? ಎದ್ದ, ಸ್ಕೀ ಹುಡುಕಿದ, ಕಟ್ಟಿಕೊಂಡ, ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆಯಿಟ್ಟು ತಪ್ಪಿದ ಕಂಬದವರೆಗೆ ಮೇಲೆ ಹತ್ತಿದ. ಬ್ಯಾಂಡಿನವರು ಅವನ ಹೆಜ್ಜೆಗೆ ಸರಿಯಾಗಿ ಡೋಲು ಬಾರಿಸಿದರು. ಆಮೇಲೆ ಗಂಭೀರವಾಗಿ ಇಳಿದುಬಂದ: ಎರಡು ನಿಮಿಷ ಐವತ್ತು. ನಾನು ನಗುತ್ತಿದ್ದವಳು ಫಕ್ಕನೆ ನಿಲ್ಲಿಸಿದೆ. ಅವನು ಸರಾಸರಿಗಿಂತ ತೊಂಬತ್ತೆಂಟು ಸೆಕೆಂಡು ಹೆಚ್ಚು ತಂದಿದ್ದ. ತೊಂಬತ್ತೆಂಟನ್ನು ನಲವತ್ತೊಂಬತ್ತು ಜನರಿಗೆ ಹಂಚು, ವಿಗಿಲ್. ತಲೆಗೆ ಎರಡು! ಸರಾಸರಿ ಹನ್ನೆರಡರಿಂದ ಎದ್ದು ಬಂದು ನನ್ನ ಹದಿನಾಲ್ಕರ ಮಡಿಲಲ್ಲಿ ಕೂತಿತ್ತು. ನನ್ನ ಲೆಕ್ಕ ತಪ್ಪಿದ್ದನ್ನು ಸ್ಟಾಡ್ಲರ್‌ನ ಮೀಸೆ ಸರಿಮಾಡಿತು.

ವೇದಿಕೆಯ ಮೇಲೆ ಹಾಸ್ಲ್ ಲಕೋಟೆ ಕೊಟ್ಟ, ಪತ್ರಿಕೆಯವನು ಕ್ಯಾಮೆರಾ ಎತ್ತಿದ. ನಾನು ಮೈಕು ಹಿಡಿದೆ. "ಬಹಳ ಸಂತೋಷ. ಆದ್ರೆ ನನ್ನ ಗಂಡ ಸೊಂಟ ಮುರ್ಕೊಂಡು ಆಸ್ಪತ್ರೇಲಿದ್ದಾನೆ. ಇಬ್ಬರ ಮಂಚದ ಮೇಲೆ ಒಬ್ಬಳೇ ಏನ್ ಮಾಡ್ಲಿ?" ಹಿಂದಿನಿಂದ ಒಬ್ಬ "ಜೊತೆಗೆ ನಾ ಬರ್ಲಾ?" ಎಂದು ಕೂಗಿದ. ಯಾರೆಂದು ಹೇಳುವುದಿಲ್ಲ, ನಿನ್ನ ಕೀಲು ಇನ್ನೂ ಹಸಿ. ನಾನು ಸ್ಟಾಡ್ಲರ್ ಕಡೆ ತಿರುಗಿ, "ಕಿಲಿಯನ್, ರಜೆ ವಾರದಲ್ಲಿ ಆ ಕೋಣೆ ಎಷ್ಟಕ್ಕೆ ಹೋಗುತ್ತೆ?" ಅಂದೆ. ಬಿದ್ದ ಮಾನವನ್ನು ಎತ್ತಿಕೊಳ್ಳಲು ಕಾಯುತ್ತಿದ್ದ ಪ್ರಾಣಿ, ಎದೆಯುಬ್ಬಿಸಿ, "ಹದಿಮೂರು ಸಾವಿರಕ್ಕೆ ಒಂದ್ ಕಾಸು ಕಮ್ಮಿ ಇಲ್ಲ! ಕ್ಯೂ ನಿಲ್ತಾರೆ!" ಅಂದ. "ಹಾಗಿದ್ರೆ ಕೋಣೆ ನೀನೇ ಇಟ್ಕೊ, ಮಾರ್ಕೊ. ಹದಿಮೂರು ಸಾವಿರ ನಿನಗೆ ಉಳೀತು. ಅದ್ರಲ್ಲಿ ನನಗೆ ಲಾರಿ ಬಾಡಿಗೆ ಕೊಡು."  ಆಮೇಲೆ ಹಾಸ್ಲ್ ಕಡೆ: "ಡೈರೆಕ್ಟರ್ ಸಾಹೇಬ್ರೇ, ಬಸ್ ನಿಲ್ಲೋ ಜಾಗದಲ್ಲಿ ಗುಡ್ಡೆ ಬಿದ್ದಿದೆಯಲ್ಲ, ಅದನ್ನ ತೆಗೆಸೋಕೆ ಎಷ್ಟಾಗುತ್ತೆ?" ಅವನು "ಅದು... ಇನ್ನೂ ಅಂದಾಜು ಮಾಡಿಲ್ಲ" ಅಂದ. "ಅಂದಾಜು ಬೇಡ, ನಾನೇ ತಗೊಂಡ್ ಹೋಗ್ತೀನಿ. ದಾನ ಅಲ್ಲ ಇದು, ಬಹುಮಾನದ ಬದಲಿ. ಏಳು ಹಳ್ಳಿಯೋರು ಬಂದ್ರೆ ಮುಂದಿನ ವರ್ಷ ಪಂದ್ಯ ಗೆದ್ಕೊಂಡ್ ಬನ್ನಿ ಅನ್ನಿ." ಪತ್ರಿಕೆಯವನು ಕ್ಯಾಮೆರಾ ಇಳಿಸಿರಲೇ ಇಲ್ಲ. ಹಾಸ್ಲ್ ನಕ್ಕ. ಒಳ್ಳೆಯ ನಗು, ಸೋತೆನೆಂದು ಗೊತ್ತಿರುವವನ ನಗು. "ಬೆಳಿಗ್ಗೆ ಆಫೀಸಲ್ಲೇ ಹೀಗೆ ಕೇಳ್ಬಾರ್ದಿತ್ತಾ ಅಮ್ಮಾವ್ರೇ?" ಅಂದ. "ಬೆಳಿಗ್ಗೆ ನಾನಿನ್ನೂ ಗೆದ್ದಿರಲಿಲ್ಲ" ಅಂದೆ. ಆ ಚಪ್ಪಾಳೆ ನಿನಗೆ ಆಸ್ಪತ್ರೆಯವರೆಗೆ ಕೇಳಬೇಕಿತ್ತು.

ಗುರುವಾರ ಮಧ್ಯಾಹ್ನ ಕಣಿವೆಯ ತಿರುವಿನಲ್ಲಿ ಮೊದಲ ಲಾರಿ ಕಂಡಿತು. ಶಾಲೆಯ ಟೀಚರ್ ರೋಸ್ವಿತಾ ಪಾಠ ಬಿಟ್ಟಳು, ಮಕ್ಕಳು ಚರ್ಚಿನ ಗೋಡೆ ಹತ್ತಿ ಕೂತರು. ಹದಿನಾಲ್ಕು ಲಾರಿ, ಒಂದರ ಹಿಂದೊಂದು, ಮದುವೆ ಮೆರವಣಿಗೆಯ ಹಾಗೆ. ಮೇಯರ್ ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದ. "ಕಬ್ಬಿಣದ ರೇಟ್ ಇಳೀತಂತೆ" ಎಂದು ಅವನಿಗೆ ಹೇಳಿದೆ. ಕೊನೆಯ ಲಾರಿಯಿಂದ ಅಗಾಥಾ ಇಳಿದಳು. ರಜೆ ಹಾಕಿ ಬಂದಿದ್ದಳು. ನೀನೊಬ್ಬನೇ ಹೊರಡಿಸಬಲ್ಲೆ ಎಂದು ಜಂಬ ಪಡುವ ನಮ್ಮ ಹಳೇ ಹಿಮ ಹಾಸುವ ಯಂತ್ರಕ್ಕೆ ಎಡಗಡೆ ಕೆಳಗೆ ಒಂದು ಒದೆ ಕೊಟ್ಟಳು, ಅದು ಕೆಮ್ಮಿ ಎದ್ದಿತು. ಕತ್ತಲಾಗುವಷ್ಟರಲ್ಲಿ ಕಂದು ಕಂಬಳಿಗೆ ಹಾಕಿದ ಬಿಳಿ ತೇಪೆಯ ಹಾಗೆ ನಮ್ಮ ಇಳಿಜಾರು ಸಿದ್ಧವಾಗಿತ್ತು. ಉದ್ದಕ್ಕೆ ಒಂಬತ್ತು ಕಂಬ, ಅಗಲಕ್ಕೆ ನಾಲ್ಕು ಮಕ್ಕಳು ಕೈ ಚಾಚಿದಷ್ಟು. ಕಡಿಮೆಯೇ ಸರಿ, ಆದರೆ ಪೂರಾ ನಮ್ಮದು.

ಸೋಮವಾರ ಹನ್ನೊಂದು ಮಕ್ಕಳೂ ಬಂದರು. ಲಿಫ್ಟು ಎಳೆಯಿತು. ಕಿರ್ರೆನ್ನುವ ಐದನೆಯ ಕಂಬದ ಚಕ್ರ ಈಗಲೂ ಕಿರ್ರೆನ್ನುತ್ತದೆ, ಕೇಳಿ ನನಗೆ ಅಳು ಬಂತು, ಮೂಗು ಸೋರುತ್ತಿದೆ ಎಂದು ಸುಳ್ಳು ಹೇಳಿದೆ. ನಿನ್ನೆ ಸಂಜೆ ಪಂಚಾಯಿತಿ ಸೇರಿ ಮೂರು ವರ್ಷದ ತಪಾಸಣೆ ದುಡ್ಡಿಗೆ ಕೈ ಎತ್ತಿತು. ಮೇಯರ್ ಎರಡೂ ಕೈ ಎತ್ತಿದ, ಒಂದು ಸಾಕೆಂದು ಇಳಿಸಿದೆವು.

ಹಾಗಾದರೆ ಹೋಖ್‌ಗಾರ್ಟ್‌ಗೆ ಹೋಗಬೇಕೋ ಬೇಡವೋ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದಿಷ್ಟು. ಬಿಸಿಲಿಗೆ ಹೋಗಲಿ, ಸೂಪಿಗೆ ಬೇಡ. ಬೇರೊಬ್ಬರ ಕೈಯಲ್ಲಿ ಬಡಿಸಿಕೊಳ್ಳಲು ಹೋಗಲಿ. ಸಂಜೆ ಹೊರಡುವಾಗ "ಹೋಗ್ಬರ್ತೀರಾ?" ಎಂದು ಕೇಳುವವರು ಬೇಕೆನ್ನುವವರು ಇಲ್ಲಿಗೆ ಬರಲಿ. ನಾನಂತೂ ಮುಂದಿನ ವರ್ಷವೂ ಹೋಗುವವಳೇ, ಬೈಯುವುದಿದ್ದರೆ ಈಗಲೇ ಬೈದುಕೋ.

ವೈದ್ಯರಿಗೆ ನಮಸ್ಕಾರ ಹೇಳು, ಸೆರಾಫಿನಾಗೆ ನನ್ನ ಪರವಾಗಿ ಕ್ಷಮೆ ಕೇಳು. ದೇವರು ನಿನ್ನ ಸೊಂಟಕ್ಕೆ ಬಲವನ್ನೂ ನಾಲಿಗೆಗೆ ವಿಶ್ರಾಂತಿಯನ್ನೂ ಕೊಡಲಿ. ಮನೆ ಬೆಚ್ಚಗಿದೆ, ನಿನ್ನ ಬದಿಯ ಹಾಸಿಗೆ ಮಾತ್ರ ತಣ್ಣಗಿದೆ.

ನಿನ್ನ
ಮೇನಾ

ತಾ.ಕ.: ಟಪಾಲಿನವನು ಬಾಗಿಲಲ್ಲಿ ಕಾಲು ಕುಟ್ಟುತ್ತಿದ್ದಾನೆ, ಬೇಗ ಬರೆಯುತ್ತೇನೆ. ಆ ಎರಡನೆಯ ಷರತ್ತು. ಸೋಮವಾರದಿಂದ ಲಿಫ್ಟ್ ನಡೆಸುತ್ತಿರುವವಳು ಅಗಾಥಾ. ಹೋಖ್‌ಗಾರ್ಟ್‌ನಲ್ಲಿ ಅವಳು ಪರೀಕ್ಷೆ ಬರೆದು ಪರವಾನಗಿ ಪಡೆದಿದ್ದಾಳೆ, ನಮಗೆ ಹೇಳಿರಲಿಲ್ಲ, ಹೇಳುವ ಹಾಗೆ ನೀನು ಬಿಟ್ಟಿರಲಿಲ್ಲ. ಪಂಚಾಯಿತಿ ಕೊಟ್ಟಿರುವುದು ಹದಿನೈದನೆಯ ತಾರೀಕಿನವರೆಗೆ ಮಾತ್ರ ಒಪ್ಪಿಗೆ. ಅವಳನ್ನೇ ನೇಮಿಸಿದ್ದೇನೆಂದು ಯಜಮಾನ ಸಹಿ ಹಾಕಬೇಕು, ಹಾಕದಿದ್ದರೆ ಮೂರು ವರ್ಷದ ದುಡ್ಡೂ ಇಲ್ಲ, ಲಿಫ್ಟೂ ಇಲ್ಲ. ಅವಳು ಕೆಂಪು ಕೋಟು ಬಿಡುವುದಿಲ್ಲ, ಅದನ್ನು ಕೇಳಲೂ ಬೇಡ. ಅಲ್ಲಿ ವಾರಕ್ಕೆ ನಾಲ್ಕು ದಿನ, ಇಲ್ಲಿ ಮೂರು ದಿನ, ಹಾಸ್ಲ್ ಒಪ್ಪಿದ್ದಾನೆ. ಕಾಗದ ತೆಗೆದುಕೊಂಡು ಅವಳೇ ಬರುತ್ತಾಳೆ. ನಿದ್ದೆ ಬಂದವನ ಹಾಗೆ ನಟಿಸಬೇಡ, ನಿನ್ನ ನಿದ್ದೆಯ ಗೊರಕೆ ಅವಳಿಗೆ ಚೆನ್ನಾಗಿ ಗೊತ್ತು. ಯಾರಿಗೆ ಏನು ಸಿಕ್ಕಿತೆಂದು ನೀನು ಕೇಳಿಯೇ ಕೇಳುತ್ತೀಯ. ಸ್ಟಾಡ್ಲರ್‌ಗೆ: ಲಾರಿ ಬಾಡಿಗೆ ಕಳೆದು ನಾನೂರು ಷಿಲ್ಲಿಂಗ್. ಹಾಸ್ಲ್‌ಗೆ: ಬಸ್ಸು ನಿಲ್ಲಲು ಜಾಗ, ಪತ್ರಿಕೆಯಲ್ಲಿ ಫೋಟೋ. ಮಕ್ಕಳಿಗೆ: ಒಂದು ವಾರ. ಊರಿಗೆ: ಮೂರು ವರ್ಷ. ನನಗೆ: ನೀಲಿಗಟ್ಟಿದ ಮೊಣಕಾಲು. ಅಗಾಥಾಗೆ: ಇಷ್ಟರವರೆಗೆ ಏನೂ ಇಲ್ಲ. ನಿನಗೆ: ಭಾನುವಾರ ಎರಡು ಗಂಟೆಗೆ, ಮಗಳು.